ಗಂಟು ಬಾತಿದೆ, ವ್ಯಾಯಾಮ ಮಾಡಬೇಕಾ?

ಹೋದ ತಿಂಗಳು ಮಂಡಿ ಸವೆತದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ರುಮಟಾಯ್ಡ್ ಆರ್ಥ್ರೈಟಿಸ್ ಇರುವವರದ್ದು. ನಮ್ಮ ಕಡೆ ಎರಡಕ್ಕೂ ಗಂಟುನೋವು, ಸಂಧಿವಾತ, ವಾಯು ಅಂತ ಒಂದೇ ಹೆಸರು, ಹಾಗಾಗಿ ಗೊಂದಲ ಆಗದೆ ಇನ್ನೇನು. ಈ ಸಲದ ಪುಟ ಪೂರ್ತಿ ಅವರಿಗೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ಫಿಸಿಯೋಥೆರಪಿಸ್ಟ್. ಮಾತ್ರೆ ಎಷ್ಟು ತಗೊಳ್ಳಬೇಕು ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ, ಅದನ್ನು ನಿಮ್ಮ ಡಾಕ್ಟರನ್ನೇ ಕೇಳಿ.

ಪ್ರಶ್ನೆ: ನನಗೆ 46 ವರ್ಷ. ಎಂಟು ತಿಂಗಳ ಹಿಂದೆ ರುಮಟಾಯ್ಡ್ ಅಂತ ಗೊತ್ತಾಯಿತು. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ತಗೊಳ್ಳುತ್ತಿದ್ದೇನೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ, ಬಿಗಿತ ಬಿಡುವ ಹೊತ್ತಿಗೆ ಹತ್ತು ಗಂಟೆ. ಡಾಕ್ಟರು ವ್ಯಾಯಾಮ ಮಾಡಿ ಅನ್ನುತ್ತಾರೆ. ಅತ್ತೆ 'ಓಡಾಡಿದಷ್ಟೂ ಕೀಲು ಸವೆಯುತ್ತೆ, ಸುಮ್ನೆ ಮಲಗು' ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಗೃಹಿಣಿ, ತಿಪಟೂರು

ಡಾಕ್ಟರ ಮಾತು ಕೇಳಿ. ಹಾಗಂತ ಅತ್ತೆ ಮೇಲೆ ಸಿಟ್ಟಾಗಬೇಡಿ. ಐವತ್ತು ಅರವತ್ತು ವರ್ಷದ ಹಿಂದೆ ದೊಡ್ಡ ದೊಡ್ಡ ಡಾಕ್ಟರುಗಳೇ ಹೀಗೆ ಹೇಳುತ್ತಿದ್ದರು. ಕೀಲು ಬಾತವರನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸಿ, ಕೈಕಾಲು ಅಲ್ಲಾಡದಂತೆ ಪಟ್ಟಿ ಕಟ್ಟಿ, ವಿಶ್ರಾಂತಿಯೇ ಔಷಧಿ ಅನ್ನುತ್ತಿದ್ದ ಕಾಲ ಅದು.

ನಮ್ಮ ಮನೆಯಲ್ಲೇ ಇದನ್ನು ನೋಡಿದ್ದೇನೆ. ನನ್ನ ಸೋದರತ್ತೆಗೆ ಇದೇ ಕಾಯಿಲೆ. ಮಂಡಿ ಬಾತಾಗ ಕೆಳಗೆ ದಿಂಬು ಇಟ್ಟುಕೊಂಡು ಮಲಗುತ್ತಿದ್ದರು, ಹಾಗೆ ಮಲಗಿದರೆ ನೋವು ಕಮ್ಮಿ. ಎಲ್ಲರೂ ಪ್ರೀತಿಯಿಂದ ಆ ದಿಂಬನ್ನು ಸರಿ ಮಾಡಿ ಮಾಡಿ ಇಡುತ್ತಿದ್ದೆವು. ನಾಲ್ಕು ತಿಂಗಳಾದ ಮೇಲೆ ಬಾವು ಇಳಿಯಿತು, ಆದರೆ ಮಂಡಿ ನೆಟ್ಟಗಾಗಲಿಲ್ಲ. ಮಡಚಿದ ಕಡೆಗೇ ಸ್ನಾಯು ಗಿಡ್ಡವಾಗಿ ನಿಂತುಬಿಟ್ಟಿತ್ತು. ಕಾಯಿಲೆ ಮಾಡಿದ್ದಕ್ಕಿಂತ ಆ ದಿಂಬು ಮಾಡಿದ ಹಾನಿಯೇ ಜಾಸ್ತಿ ಅಂತ ಕಾಲೇಜಿಗೆ ಹೋದ ಮೇಲೆ ತಿಳಿಯಿತು. ಈಗಲೂ ಯಾರ ಮನೆಗೆ ಹೋದರೂ ಮಂಡಿ ಕೆಳಗೆ ದಿಂಬು ಕಂಡರೆ ಮೊದಲು ಅದನ್ನು ತೆಗೆಸುತ್ತೇನೆ.

ನಿಮ್ಮ ಅತ್ತೆ ಹೇಳುವ ಸವೆತ ಬೇರೆ ಕಾಯಿಲೆ, ಅದು ವಯಸ್ಸಾದವರ ಮಂಡಿಯಲ್ಲಿ ಆಗುವಂಥದ್ದು. ನಿಮ್ಮದರಲ್ಲಿ ದೇಹದ ಕಾವಲು ಪಡೆಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ಊದಿಕೊಂಡು, ಬಿಸಿಯಾಗಿ, ಪಕ್ಕದ ಮೃದ್ವಸ್ಥಿಯನ್ನೂ (ಮೂಳೆ ತುದಿಯ ನುಣುಪು ಮೆತ್ತೆ) ಮೂಳೆಯನ್ನೂ ಕೊರೆಯುತ್ತದೆ. ಆ ಬೆಂಕಿ ಆರಿಸುವುದು ಮಾತ್ರೆ. ನೀವು ನಡೆದಾಡಿದ್ದಕ್ಕೆ ಆ ಬೆಂಕಿ ಹತ್ತಿದ್ದಲ್ಲ, ಮಲಗಿದರೆ ಅದು ಆರುವುದೂ ಇಲ್ಲ. ಮಲಗಿದರೆ ಕರಗುವುದು ಸ್ನಾಯು. ಈ ಕಾಯಿಲೆಯಲ್ಲಿ ಸ್ನಾಯು ತಾನಾಗಿಯೇ ಕರಗುತ್ತಿರುತ್ತದೆ, ಅದರ ಮೇಲೆ ಮಲಗಿಯೂ ಕರಗಿಸಿದರೆ ಕೀಲನ್ನು ಹಿಡಿದು ನಿಲ್ಲಿಸುವವರು ಯಾರು? ಇನ್ನೊಂದು ವಿಷಯ. ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಸ್ಪಂಜನ್ನು ಒತ್ತಿ ಬಿಟ್ಟರೆ ನೀರು ಹೀರುತ್ತದಲ್ಲ, ಹಾಗೆ ಕೀಲು ಆಡಿದಾಗಲೇ ಅದಕ್ಕೆ ಊಟ.

ನೆದರ್‌ಲೆಂಡ್ಸ್‌ನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ರುಮಟಾಯ್ಡ್ ಇರುವ 309 ಜನ, ಎರಡು ವರ್ಷ. ಒಂದು ಗುಂಪು ವಾರಕ್ಕೆ ಎರಡು ಸಲ ಒಂದೂಕಾಲು ಗಂಟೆ ಸೈಕಲ್ ತುಳಿಯಿತು, ಬಲದ ವ್ಯಾಯಾಮ ಮಾಡಿತು, ಕೊನೆಗೆ ಆಟವನ್ನೂ ಆಡಿತು. ಇನ್ನೊಂದು ಗುಂಪಿಗೆ ಮಾಮೂಲು ಚಿಕಿತ್ಸೆ. 2003ರಲ್ಲಿ ಫಲಿತಾಂಶ ಬಂದಾಗ ಬೆವರು ಸುರಿಸಿದವರ ಕಾಯಿಲೆ ಜಾಸ್ತಿ ಆಗಿರಲಿಲ್ಲ, ದಿನದ ಕೆಲಸ ಮಾಡುವ ಶಕ್ತಿ ಮಾತ್ರ ಇನ್ನೊಂದು ಗುಂಪಿಗಿಂತ ಚೆನ್ನಾಗಿತ್ತು. ಒಂದೇ ಎಚ್ಚರಿಕೆ: ಮಂಡಿ, ಭುಜದಂಥ ದೊಡ್ಡ ಕೀಲು ಮೊದಲೇ ತುಂಬ ಹಾಳಾಗಿದ್ದರೆ ಅದರ ಮೇಲೆ ಜಾಸ್ತಿ ಭಾರ ಹಾಕಬಾರದು.

ಈಗ ನಿಮ್ಮ ಪತ್ರದಲ್ಲಿ ನನಗೆ ಕುಟುಕಿದ ಸಾಲಿಗೆ ಬರುತ್ತೇನೆ. ಬಿಗಿತ ಬಿಡುವ ಹೊತ್ತಿಗೆ ಹತ್ತು ಗಂಟೆ ಅಂದಿರಿ. ಮಾತ್ರೆ ಶುರುವಾಗಿ ಎಂಟು ತಿಂಗಳಾದ ಮೇಲೂ ಹೀಗಿದ್ದರೆ ಬೆಂಕಿ ಆರಿಲ್ಲ ಅಂತ ಅರ್ಥ. ವ್ಯಾಯಾಮದಿಂದ ಅದನ್ನು ಸರಿ ಮಾಡಲು ಹೋಗಬೇಡಿ, ರುಮಟಾಲಜಿಸ್ಟ್ (ಈ ಕಾಯಿಲೆಯ ತಜ್ಞ ಡಾಕ್ಟರು) ಹತ್ತಿರ ಹೋಗಿ ಇದೇ ವಾಕ್ಯ ಹೇಳಿ. 'ಸ್ವಲ್ಪ ನೋವಿದೆ ಡಾಕ್ಟ್ರೇ' ಅಂದರೆ ಅವರಿಗೇನೂ ತಿಳಿಯುವುದಿಲ್ಲ, 'ಬೆಳಿಗ್ಗೆ ಹತ್ತರ ತನಕ ಬೆರಳು ಮಡಚಲ್ಲ' ಅಂದರೆ ತಿಳಿಯುತ್ತದೆ. ಅಲ್ಲಿಯವರೆಗೆ ದಿನಾ ಹತ್ತು ನಿಮಿಷ ನಡೆಯಿರಿ. ಬೆಳಿಗ್ಗೆ ಐದೂವರೆಗೆ ಪಾರ್ಕಿಗೆ ಹೋಗುವ ಗುಂಪಿನ ಜೊತೆ ಬೇಡ, ಬಿಗಿತ ಬಿಟ್ಟ ಮೇಲೆ ಹನ್ನೊಂದಕ್ಕೋ ಸಂಜೆ ನಾಲ್ಕಕ್ಕೋ ಹೊರಡಿ. ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಿ. ಸದ್ಯಕ್ಕೆ ಅಷ್ಟು ಸಾಕು, ವಾರ ವಾರಕ್ಕೆ ಒಂಚೂರು ಏರಿಸಿ.

ಪ್ರಶ್ನೆ: ಮುಂಜಾನೆ ಐದಕ್ಕ ಎದ್ದರ ರಾತ್ರಿ ಹತ್ತರ ತನಕ ಕೆಲಸ. ರೊಟ್ಟಿ ಬಡೀತೀನಿ, ಅರಿವಿ ಒಗೀತೀನಿ, ನೀರು ಹೊರತೀನಿ. ಇದರ ಮ್ಯಾಲೆ ಮತ್ತ್ಯಾವ ವ್ಯಾಯಾಮ ಮಾಡ್ಲಿ?
– ಓದುಗರು, ಗದಗ ಜಿಲ್ಲೆ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇಷ್ಟು ದುಡಿಯುವವರಿಗೆ 'ವ್ಯಾಯಾಮ ಮಾಡಿ' ಅನ್ನುವುದು ತಮಾಷೆಯ ಹಾಗೆ ಕೇಳುತ್ತದೆ. ಆದರೂ ಹೇಳುತ್ತೇನೆ, ಮನೆಕೆಲಸದಲ್ಲಿ ದಣಿವು ಜಾಸ್ತಿ, ಕೀಲಿಗೆ ಸಿಗುವ ಲಾಭ ಕಮ್ಮಿ. ಅವೇ ಬೆರಳು, ಅದೇ ಮಣಿಕಟ್ಟು, ಅದೇ ಅರ್ಧ ಮಡಿಕೆ, ಸಾವಿರ ಸಲ. ಭುಜ ಪೂರ್ತಿ ಮೇಲೆ ಏಳುವುದು ಅಟ್ಟದಿಂದ ಡಬ್ಬಿ ತೆಗೆಯುವಾಗ ಮಾತ್ರ ಅಲ್ವಾ? ವ್ಯಾಯಾಮ ಅಂದರೆ ಪ್ರತಿ ಕೀಲೂ ಅದರ ಪೂರ್ತಿ ಹಾದಿ ಓಡಾಡಬೇಕು, ತೊಡೆ ತೋಳುಗಳಿಗೆ ದಿನದ ರೂಢಿಗಿಂತ ಒಂದು ಹಿಡಿ ಜಾಸ್ತಿ ಕೆಲಸ ಸಿಗಬೇಕು, ಎದೆ ಸ್ವಲ್ಪ ಜೋರಾಗಿ ಬಡಿಯಬೇಕು.

ಹಾಗಾಗಿ ನಿಮ್ಮ ಕೆಲಸಕ್ಕೆ ಸೇರಿಸುವುದಕ್ಕಿಂತ ಮೊದಲು ಕಳೆಯೋಣ. ಬಟ್ಟೆ ಹಿಂಡುವುದನ್ನು ನೋಡಿ. ಎರಡು ಕೈಯಲ್ಲಿ ತಿರುಚಿದಾಗ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲುತ್ತವೆ. ಈ ಕಾಯಿಲೆಯಲ್ಲಿ ಬೆರಳು ಸೊಟ್ಟಗಾಗುವುದೂ ಅದೇ ಕಡೆಗೆ. ಹಿಂಡಬೇಡಿ. ಅರಿವಿಯನ್ನು ನಲ್ಲಿಗೆ ಸುತ್ತು ಹಾಕಿ, ಎರಡೂ ತುದಿ ಮುಂದೋಳಿಗೆ ಸಿಕ್ಕಿಸಿ ಹಿಂದಕ್ಕೆ ಜಗ್ಗಿ, ಇಲ್ಲ ನೀರು ಸೋರುವಂತೆ ಹಾಗೇ ನೇತುಹಾಕಿ. ಗದಗದ ಬಿಸಿಲಿಗೆ ಅದೇನು ಲೆಕ್ಕ. ಕೊಡ ತುಂಬ ಬೇಡ, ಅರ್ಧ ಕೊಡ ಎರಡು ಸಲ. ಹಂಚನ್ನು ಬೆರಳ ತುದಿಯಲ್ಲಿ ಚಿವುಟಿ ಎತ್ತಬೇಡಿ, ದಪ್ಪ ಬಟ್ಟೆ ಹಿಡಿದು ಎರಡೂ ಅಂಗೈಯಲ್ಲಿ ಎತ್ತಿ. ರೊಟ್ಟಿ ಬಡಿಯುವುದು ಅಷ್ಟೇನೂ ಕೆಟ್ಟದ್ದಲ್ಲ, ಕೈ ತೆರೆದಿರುತ್ತದೆ. ಹಿಟ್ಟು ನಾದುವುದು ಕಷ್ಟದ್ದು, ಅದನ್ನು ಮನೆಯ ಗಂಡಸರಿಗೆ ಕಲಿಸಿ. ನಾನು ತಮಾಷೆ ಮಾಡುತ್ತಿಲ್ಲ. ಹೀಗೆ ಉಳಿದ ಶಕ್ತಿಯಲ್ಲಿ ಮಧ್ಯಾಹ್ನ ಹದಿನೈದು ನಿಮಿಷ ನಿಮಗಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಬೆರಳಿಗೆ ಬಲ ಬರಲಿ ಅಂತ ರಬ್ಬರ್ ಚೆಂಡು ಒತ್ತುತ್ತಿದ್ದೇನೆ, ದಿನಕ್ಕೆ ಇನ್ನೂರು ಸಲ. ಗೆಣ್ಣು ಇನ್ನೂ ಊದಿಕೊಳ್ಳುತ್ತಿದೆ. ನಿಲ್ಲಿಸಲೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಇನ್ನೂರು ಸಲವೇ! ನಿಲ್ಲಿಸಿ ಸಾರ್. ಬೆರಳಿನ ವ್ಯಾಯಾಮವನ್ನಲ್ಲ, ಆ ಚೆಂಡನ್ನು.

ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಐದು ನಿಮಿಷ ಕೈ ಇಟ್ಟು ಶುರು ಮಾಡಿ. ಮೊದಲು ಬೆರಳು ನೆಟ್ಟಗಿಟ್ಟು ಬುಡದ ಗೆಣ್ಣಿನಲ್ಲಿ ಮಾತ್ರ ಮಡಚಿ, ಕೈ ಪುಟ್ಟ ಮೇಜಿನ ಹಾಗೆ ಕಾಣಬೇಕು. ಆಮೇಲೆ ಕೊಕ್ಕೆಯ ಹಾಗೆ ತುದಿ ಮಾತ್ರ ಬಾಗಿಸಿ. ಆಮೇಲೆ ಮೆತ್ತಗೆ ಮುಷ್ಟಿ. ಹೆಬ್ಬೆರಳನ್ನು ಒಂದೊಂದೇ ಬೆರಳ ತುದಿಗೆ ಮುಟ್ಟಿಸಿ, ಬೆರಳೆಣಿಸುವ ಮಕ್ಕಳ ಹಾಗೆ. ಕೊನೆಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ತೋರುಬೆರಳನ್ನು ಎತ್ತಿ ಹೆಬ್ಬೆರಳಿನ ಕಡೆಗೆ ಒಂದು ಹೆಜ್ಜೆ ಇಡಿಸಿ. ಅದರ ಹಿಂದೆ ನಡುಬೆರಳು, ಆಮೇಲೆ ಉಂಗುರ ಬೆರಳು, ಕಿರುಬೆರಳು, ಸಾಲಾಗಿ ನಡೆದುಕೊಂಡು ಹೋಗಲಿ. ಬೆರಳು ಸೊಟ್ಟಗಾಗುವ ದಿಕ್ಕಿಗೆ ಸರಿಯಾಗಿ ಎದುರು ದಿಕ್ಕು ಇದು. ಬಾವು ಇಳಿದ ದಿನಗಳಲ್ಲಿ ಬಲಕ್ಕೆ ಚಪಾತಿ ಹಿಟ್ಟಿನ ಉಂಡೆ ಸಾಕು, ಚೆಂಡಿಗಿಂತ ಮೆತ್ತಗೆ. ಐದೆಣಿಸುವ ತನಕ ಒತ್ತಿ ಬಿಡಿ, ಹತ್ತು ಸಲ.

ಇದು ಸಣ್ಣ ಕೆಲಸ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ 490 ಜನರ ಮೇಲೆ ಮಾಡಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂರು ತಿಂಗಳು ಹೀಗೆ ಕೈಯ ವ್ಯಾಯಾಮ ಕಲಿತು ಮಾಡಿದವರ ಕೈ ಒಂದು ವರ್ಷದ ನಂತರವೂ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಎರಡೂ ಗುಂಪಿನವರು ಮಾತ್ರೆ ತಗೊಳ್ಳುತ್ತಲೇ ಇದ್ದರು ಅನ್ನುವುದು ನೆನಪಿರಲಿ.

ಫ್ರಾನ್ಸಿನ ಚಿತ್ರಕಾರ ರೆನ್ವಾರ್‌ಗೂ ಇದೇ ಕಾಯಿಲೆ. ಕೆಲಸ ಶುರು ಮಾಡುವ ಮೊದಲು ಸಣ್ಣ ಚೆಂಡುಗಳನ್ನು ಗಾಳಿಗೆ ತೂರಿ ಹಿಡಿಯುತ್ತಿದ್ದರಂತೆ. ಬೆರಳು ಅದಕ್ಕೂ ಒಗ್ಗದಾದಾಗ ಪುಟ್ಟ ಮರದ ತುಂಡನ್ನು ತೂರುತ್ತಿದ್ದರಂತೆ. ಕೊನೆಗಾಲದ ಫೋಟೋಗಳಲ್ಲಿ ಅವರ ಕೈಗೆ ಬಟ್ಟೆ ಸುತ್ತಿರುವುದು ಕಾಣುತ್ತದೆ, ಕುಂಚ ಕಟ್ಟಿಕೊಂಡಿದ್ದರು ಅಂತ ಕಥೆ ಹಬ್ಬಿದೆ. ಅದು ಅಂಗೈ ಚರ್ಮ ಕೆಡದಿರಲಿ ಅಂತ ಸುತ್ತಿದ್ದು. ಕುಂಚವನ್ನು ಬೆರಳೇ ಹಿಡಿಯುತ್ತಿತ್ತು. 1919ರಲ್ಲಿ ತೀರಿಕೊಳ್ಳುವ ತನಕ ಚಿತ್ರ ಬರೆದರು, ಆಗಿನ್ನೂ ಈ ಬೆಂಕಿ ಆರಿಸುವ ಈಗಿನ ಮಾತ್ರೆ ಒಂದೂ ಇರಲಿಲ್ಲ.

ಪ್ರಶ್ನೆ: ಹದಿನೈದು ವರ್ಷದಿಂದ ಯೋಗ ಮಾಡುತ್ತೇನೆ. ಈಗ ರುಮಟಾಯ್ಡ್ ಬಂದಿದೆ. ಸೂರ್ಯನಮಸ್ಕಾರ, ಶೀರ್ಷಾಸನ ಮುಂದುವರಿಸಬಹುದೇ?
– ಮೈಸೂರು

ಮೈಸೂರಿನವರಿಗೆ ಯೋಗ ಬಿಡಿ ಅನ್ನುವ ಧೈರ್ಯ ನನಗಿಲ್ಲ, ಬಿಡಬೇಕಾಗಿಯೂ ಇಲ್ಲ. ದೆಹಲಿಯ ಏಮ್ಸ್‌ನಲ್ಲಿ 72 ರೋಗಿಗಳ ಮೇಲೆ ಎಂಟು ವಾರ ನೋಡಿದಾಗ, ಮಾತ್ರೆಯ ಜೊತೆ ಯೋಗ ಮಾಡಿದವರಲ್ಲಿ ಉರಿಯೂತದ ಗುರುತುಗಳೂ ಮನಸ್ಸಿನ ಕುಗ್ಗೂ ಕಡಿಮೆಯಾದವು.

ಆದರೆ ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಈ ಮೂರನ್ನೂ ಇವತ್ತೇ ನಿಲ್ಲಿಸಿ. ಕತ್ತಿನ ಮೇಲಿನ ಎರಡು ಮೂಳೆಗಳನ್ನು ಹಿಡಿದಿಡುವ ಒಂದು ಪಟ್ಟಿ ಇದೆ. ಈ ಕಾಯಿಲೆ ಹಳತಾದಾಗ ಕೆಲವರಲ್ಲಿ ಅದು ಸಡಿಲವಾಗುತ್ತದೆ, ಒಳಗೆ ಹಾದುಹೋಗುವುದು ಬೆನ್ನುಹುರಿ. ಅದರ ಮೇಲೆ ಮೈಯ ಭಾರ ಹಾಕುವುದು ಬೇಡವೇ ಬೇಡ. ಕತ್ತನ್ನು ಗಿರಗಿರ ತಿರುಗಿಸುವುದೂ ಬೇಡ. ಕತ್ತು ಬಗ್ಗಿಸಿದಾಗ ಕೈಗೆ ಕರೆಂಟು ಹೊಡೆದಂತಾದರೆ, ನಡಿಗೆ ತಡವರಿಸಿದರೆ, ಕೈಯಲ್ಲಿ ಹಿಡಿದದ್ದು ಜಾರುತ್ತಿದ್ದರೆ ಪಾಠವನ್ನು ಅಲ್ಲಿಗೇ ನಿಲ್ಲಿಸಿ ಡಾಕ್ಟರ ಬಳಿ ಹೋಗಿ. ಬಗ್ಗಿಸಿ ತೆಗೆಯುವ ಕತ್ತಿನ ಎಕ್ಸ್‌ರೇಯಲ್ಲಿ ಇದು ಗೊತ್ತಾಗುತ್ತದೆ.

ಸೂರ್ಯನಮಸ್ಕಾರದಲ್ಲಿ ತೊಂದರೆ ಮಣಿಕಟ್ಟಿನದು. ಹಿಂದಕ್ಕೆ ಬಾಗಿದ ಮಣಿಕಟ್ಟಿನ ಮೇಲೆ ಅರ್ಧ ಮೈ ಭಾರ. ಅದನ್ನು ಗೋಡೆಗೆ ಮುಂದೋಳು ಊರಿ ನಿಂತೇ ಮಾಡಬಹುದು. ವಜ್ರಾಸನ, ಪದ್ಮಾಸನ ಮಂಡಿ ಬಾತಿರುವಾಗ ಬೇಡ. ಗುರುಗಳು 'ನೋವು ಬಂದರೂ ಹಿಡಿದು ಕೂರಿ, ಬಿಡುತ್ತೆ' ಅಂದರೆ ಗುರುಗಳನ್ನು ಬದಲಿಸಿ.

ಪ್ರಶ್ನೆ: ವ್ಯಾಯಾಮದ ನೋವು ಯಾವುದು, ಕಾಯಿಲೆಯ ನೋವು ಯಾವುದು, ತಿಳಿಯುವುದು ಹೇಗೆ? ಬಾವು ಜಾಸ್ತಿ ಆದ ದಿನ ಏನು ಮಾಡಲಿ?
– ಉಡುಪಿ

ಗಡಿಯಾರ ನೋಡಿ. ವ್ಯಾಯಾಮ ಮುಗಿದು ಎರಡು ಗಂಟೆ ಆದ ಮೇಲೂ ಶುರು ಮಾಡುವ ಮುಂಚಿಗಿಂತ ಜಾಸ್ತಿ ನೋವಿದ್ದರೆ ಇವತ್ತಿನ ಲೆಕ್ಕ ತಪ್ಪಿತು, ನಾಳೆ ಕಮ್ಮಿ ಮಾಡಿ. ಬಿಡಬೇಡಿ, ಕಮ್ಮಿ ಮಾಡಿ. ತೊಡೆ ತೋಳಿನ ಮಾಂಸದಲ್ಲಿ ಒಂದೆರಡು ದಿನ ಸಿಡಿಯುವ ನೋವು ಬಂದರೆ ಹೆದರಬೇಡಿ, ಅದು ಹೊಸದಾಗಿ ಕೆಲಸ ಮಾಡಿದ ಸ್ನಾಯುವಿನದು.

ಕೀಲು ಕೆಂಡದ ಹಾಗೆ ಬಿಸಿಯಾದ ದಿನ ವಾಕಿಂಗ್ ಬೇಡ, ತೂಕ ಬೇಡ. ಆದರೆ ದಿನಕ್ಕೆರಡು ಸಲ ಆ ಕೀಲನ್ನು ಆಗುವಷ್ಟು ದೂರ ನಿಧಾನವಾಗಿ ಆಡಿಸಿ, ಮೂರು ಸಲವಾದರೂ ಸಾಕು. ಮಂಡಿ ಆದರೆ ಕಾಲು ಚಾಚಿ ಕೂತು ತೊಡೆಯನ್ನು ಬಿಗಿಮಾಡಿ ಆರು ಎಣಿಸಿ ಬಿಡಿ, ಕೀಲು ಅಲ್ಲಾಡದೆ ಸ್ನಾಯು ಎಚ್ಚರವಾಗಿರುತ್ತದೆ. ಮತ್ತೆ, ದಿಂಬು ಬೇಡ. ಒಂದೇ ಒಂದು ಕೀಲು ಸಿಕ್ಕಾಪಟ್ಟೆ ಕೆಂಪಾಗಿ ಊದಿ ಜ್ವರವೂ ಬಂದರೆ ಅದು ಸೋಂಕು ಇರಬಹುದು, ಆ ದಿನವೇ ಆಸ್ಪತ್ರೆ.

ಪ್ರಶ್ನೆ: ಚಿಕುನ್‌ಗುನ್ಯಾ ಬಂದು ಐದು ತಿಂಗಳಾದರೂ ಬೆರಳು, ಪಾದ ಹಿಡಿದುಕೊಂಡಿವೆ. ಇದೂ ರುಮಟಾಯ್ಡ್ ಆಯ್ತಾ?
– ರಾಯಚೂರು

ಪರೀಕ್ಷೆ ಮಾಡಿಸದೆ ಹೇಳಲಾಗದು. 2006ರಲ್ಲಿ ನಮ್ಮ ರಾಜ್ಯದಲ್ಲಿ ಊರಿಗೆ ಊರೇ ಈ ಜ್ವರದಲ್ಲಿ ಮಲಗಿತ್ತಲ್ಲ, ಆಗಲೂ ಎಷ್ಟೋ ಜನರ ಗಂಟು ತಿಂಗಳಾನುಗಟ್ಟಲೆ ಬಿಡಲಿಲ್ಲ. ಚಿಕುನ್‌ಗುನ್ಯಾ ಅನ್ನುವುದೇ ಪೂರ್ವ ಆಫ್ರಿಕಾದ ಮಕೊಂಡೆ ಭಾಷೆಯ ಪದ, ನೋವಿಗೆ ಬಾಗಿಹೋಗುವುದು ಅಂತ ಅರ್ಥ. ಹೆಚ್ಚಿನವರಿಗೆ ತಾನಾಗಿ ಬಿಡುತ್ತದೆ. ಮೂರು ತಿಂಗಳು ದಾಟಿದೆ ಅಂದ ಮೇಲೆ ರುಮಟಾಲಜಿಸ್ಟ್ ನೋಡಲಿ, ಆಂಟಿ ಸಿಸಿಪಿ ಅನ್ನುವ ರಕ್ತಪರೀಕ್ಷೆ ಮಾಡಿಸಿದರೆ ರುಮಟಾಯ್ಡ್ ಹೌದೋ ಅಲ್ಲವೋ ಅಂತ ಅಂದಾಜು ಸಿಗುತ್ತದೆ. ಅಲ್ಲಿಯವರೆಗೆ ಮೇಲೆ ಹೇಳಿದ ಬಿಸಿನೀರು, ಬೆರಳಿನ ನಡಿಗೆ ನಿಮಗೂ ಒಗ್ಗುತ್ತದೆ.

ಪ್ರಶ್ನೆ: ವಯಸ್ಸು 34, ಗಂಡಸು. ಕಾಯಿಲೆ ಹತೋಟಿಯಲ್ಲಿದೆ. ಜಿಮ್‌ಗೆ ಹೋಗಿ ಭಾರ ಎತ್ತಬಹುದಾ, ಇಲ್ಲ ಅಜ್ಜಂದಿರ ಹಾಗೆ ವಾಕಿಂಗೇ ಗತಿಯಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಹೋಗಿ. ಹತೋಟಿಯಲ್ಲಿರುವಾಗಲೇ ಬಲ ಕೂಡಿಸಿಡುವುದು, ಕೆಟ್ಟ ದಿನಕ್ಕೆ ಅದೇ ಗಂಟು. ಗಂಟು ಅಂದರೆ ಇಲ್ಲಿ ಹಣದ ಗಂಟು. ರುಮಟಾಯ್ಡ್ ಇರುವವರಿಗೆ ಹೃದಯದ ಕಾಯಿಲೆಯ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು, ಆದ್ದರಿಂದ ಬೆವರು ಬರುವ ವ್ಯಾಯಾಮ ನಿಮಗೆ ಜಾಸ್ತಿಯೇ ಬೇಕು. ವಾರಕ್ಕೆ 150 ನಿಮಿಷ ಅನ್ನುವ ಲೆಕ್ಕ ನಿಮಗೂ ಅನ್ವಯ. ಅಮೆರಿಕದ ರುಮಟಾಲಜಿ ಕಾಲೇಜು (ಕಾಲೇಜು ಅಂದರೆ ಇಲ್ಲಿ ಡಾಕ್ಟರುಗಳ ಸಂಘ) 2022ರಲ್ಲಿ ಊಟ, ಮಸಾಜು, ಪಟ್ಟಿ, ಯೋಗ ಅಂತ 28 ಶಿಫಾರಸು ಮಾಡಿತು. ಅದರಲ್ಲಿ ಗಟ್ಟಿ ದನಿಯಲ್ಲಿ ಹೇಳಿದ್ದು ಒಂದನ್ನೇ: ಬಿಡದೆ ವ್ಯಾಯಾಮ ಮಾಡಿ. ಕಾಲಿನ ಮೆಷೀನು, ಸೈಕಲ್ಲು ಧಾರಾಳವಾಗಿ ಮಾಡಿ. ಸಪೂರ ರಾಡನ್ನು ಬಿಗಿಯಾಗಿ ಹಿಡಿಯುವಂಥದ್ದಿದ್ದರೆ ಹಿಡಿಕೆಗೆ ದಪ್ಪ ಸ್ಪಂಜು ಸುತ್ತಿ. ಟ್ರೈನರಿಗೆ ಕಾಯಿಲೆಯ ಹೆಸರು ಹೇಳಿ, ನಾಚಿಕೆ ಪಡಬೇಡಿ.

ಪ್ರಶ್ನೆ: ಮೆಥೋಟ್ರೆಕ್ಸೇಟ್ ಕ್ಯಾನ್ಸರ್ ಔಷಧಿಯಂತೆ. ಅದನ್ನು ಬಿಟ್ಟು ವ್ಯಾಯಾಮದಲ್ಲೇ ಗುಣ ಮಾಡಿಕೊಳ್ಳಬಹುದಾ?
– ಹೆಸರು ಬೇಡ, ದಾವಣಗೆರೆ

ಇಲ್ಲ. ವ್ಯಾಯಾಮದ ಬಗ್ಗೆ ಇಷ್ಟು ಹೊಗಳಿದ ನಾನೇ ಹೇಳುತ್ತಿದ್ದೇನೆ, ಇಲ್ಲ. ಮಾತ್ರೆ ಬಿಟ್ಟು ವ್ಯಾಯಾಮ ಮಾಡಿದರೆ ಉರಿಯುವ ಮನೆಗೆ ಸುಣ್ಣ ಬಳಿದ ಹಾಗೆ. ಕ್ಯಾನ್ಸರಿಗೆ ಕೊಡುವುದು ಇದರ ಎಷ್ಟೋ ಪಟ್ಟು ಡೋಸು, ನಿಮ್ಮದು ವಾರಕ್ಕೊಮ್ಮೆಯ ಸಣ್ಣ ಡೋಸು. ವಾರಕ್ಕೊಮ್ಮೆ ಅನ್ನುವುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಿನಾ ತಗೊಂಡರೆ ಪ್ರಾಣಕ್ಕೇ ಅಪಾಯ. ಮಾತ್ರೆ ತಗೊಂಡ ಮರುದಿನ ಕೆಲವರಿಗೆ ಸುಸ್ತು, ಓಕರಿಕೆ. ಆ ದಿನ ವ್ಯಾಯಾಮಕ್ಕೆ ರಜೆ ಕೊಡಿ, ಪಾಪ ಏನೂ ಅಂಟುವುದಿಲ್ಲ. ಅಂದಹಾಗೆ ಈ ಔಷಧಿಯ ಹುಟ್ಟಿನ ಹಿಂದೆ ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೆಲಸ ಇದೆ, 1940ರ ದಶಕದಲ್ಲಿ, ಅಮೆರಿಕದ ಲ್ಯಾಬಿನಲ್ಲಿ.

ಪ್ರಶ್ನೆ: ನಡೆಯಿರಿ ಅಂತೀರಿ, ಆದರೆ ಬೆಳಿಗ್ಗೆ ಪಾದ ಊರಿದರೆ ಜಲ್ಲಿಕಲ್ಲಿನ ಮೇಲೆ ನಿಂತ ಹಾಗಾಗುತ್ತೆ. ಹೇಗೆ ನಡೆಯಲಿ?
– ಹಾಸನ

ನೀವು ಬರೆದಿರುವ ಜಲ್ಲಿಕಲ್ಲಿನ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಪಾದದ ಬೆರಳ ಬುಡದ ಕೀಲುಗಳು ಬಾತು, ಕೆಳಗಿನ ಕೊಬ್ಬಿನ ಮೆತ್ತೆ ಮುಂದಕ್ಕೆ ಜರುಗಿ, ಮೂಳೆ ನೇರ ನೆಲಕ್ಕೆ ತಾಗುತ್ತದೆ. ನಮ್ಮ ಮನೆಗಳಲ್ಲಿ ಬರಿಗಾಲು, ಅದೂ ಗ್ರಾನೈಟ್ ನೆಲ. ಮೆತ್ತಗಿನ ಅಟ್ಟೆಯ, ಮುಂಭಾಗ ಅಗಲವಿರುವ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಂದು ಜೊತೆ ಮನೆಯೊಳಗೇ ಇಟ್ಟುಕೊಳ್ಳಿ. ಹವಾಯಿ ಬೇಡ, ಅದನ್ನು ಹಿಡಿಯಲು ಬೆರಳು ಹೆಣಗಬೇಕು. ಆ ಮೆತ್ತಗಿನ ಚಪ್ಪಲಿಯನ್ನು ಮಂಚದ ಕೆಳಗೇ ಇಡಿ, ಕಾಲು ನೆಲಕ್ಕೆ ತಾಗುವ ಮೊದಲು ಚಪ್ಪಲಿಗೆ ತಾಗಲಿ. ನಡೆಯಲಾಗದ ದಿನ ಸೈಕಲ್ ತುಳಿಯಿರಿ, ಕೊಳ ಇದ್ದರೆ ಎದೆಮಟ್ಟ ನೀರಿನಲ್ಲಿ ನಡೆಯಿರಿ, ಪಾದಕ್ಕೆ ಭಾರವೇ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾರಾದರೂ ಒಳಗೆ ಚಪ್ಪಲಿಯಾ ಅಂತ ಮುಖ ಮಾಡಿದರೆ ಇದು ಚಪ್ಪಲಿ ಅಲ್ಲ, ಔಷಧಿ ಅನ್ನಿ. ದೇವರ ಕೋಣೆಯ ಬಾಗಿಲಲ್ಲಿ ಮಾತ್ರ ಬಿಡಿ, ಅಲ್ಲೊಂದು ದಪ್ಪ ಮ್ಯಾಟ್ ಹಾಸಿಕೊಂಡರಾಯಿತು.